ಬ್ರಿಟನ್‌ಗೆ ಹೊರಡುವ ಮುನ್ನ ಯಾವ ಕಾದಂಬರಿ ಓದಬೇಕು? ಊರು ನೋಡಿ, ಗಂಟೆ ಎಣಿಸಿ ಆರಿಸಿ

ವೀಸಾ ಕೈಗೆ ಬಂದ ಮೇಲೆ ಓದಿನ ಪಟ್ಟಿ ಮಾಡಲು ಕೂರುವ ವಿದ್ಯಾರ್ಥಿಗಳು ಹೆಸರಾದ ಕಾದಂಬರಿಗಳನ್ನೆಲ್ಲ ಬರೆದುಕೊಂಡುಬಿಡುತ್ತಾರೆ. ಡಿಕನ್ಸ್‌ನದು ಎರಡು, ಜೇನ್ ಆಸ್ಟಿನ್‌ಳದು ಎರಡು, ಬ್ರಾಂಟೆ ಸೋದರಿಯರದು ಎರಡು, ಹಾರ್ಡಿಯದು ಒಂದು. ಇಷ್ಟಕ್ಕೇ ಸುಮಾರು ಹತ್ತು ಲಕ್ಷ ಪದ. ವಿಮಾನ ಹತ್ತುವ ದಿನ ನೋಡಿದರೆ ನಾಲ್ಕು ಪುಸ್ತಕಗಳಲ್ಲಿ ತಲಾ ಅರವತ್ತು ಪುಟ ಮುಗಿದಿರುತ್ತದೆ, ಒಂದೂ ಪೂರ್ತಿಯಾಗಿರುವುದಿಲ್ಲ. ಒಂದೇ ಒಂದು ಕಾದಂಬರಿಯನ್ನು ಕೊನೆಯವರೆಗೆ ಓದಿ, ಅದು ನಡೆಯುವ ಬೀದಿಗಳಲ್ಲಿ ಅರ್ಧ ದಿನ ಸುತ್ತಿದವರಿಗೆ ದಕ್ಕುವುದು ಈ ಅರೆಬರೆ ಓದಿನಿಂದ ದಕ್ಕುವುದಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು ಎರಡೇ: ನೀವು ಇರುವುದು ಯಾವ ಊರಿನಲ್ಲಿ, ಓದಲು ನಿಮಗಿರುವುದು ಎಷ್ಟು ಗಂಟೆ. ಪುಸ್ತಕ ಎಷ್ಟು ಪ್ರಸಿದ್ಧ ಎಂಬುದು ಆಮೇಲಿನ ಮಾತು.

ಮೊದಲು ನಿಮ್ಮ ವೇಗ ಅಳೆಯಿರಿ

ಆರಿಸಬೇಕೆಂದಿರುವ ಪುಸ್ತಕದ ಮೂರನೇ ಅಧ್ಯಾಯ ತೆಗೆದು, ಫೋನಿನಲ್ಲಿ 10 ನಿಮಿಷದ ಟೈಮರ್ ಇಟ್ಟು ಓದಿ. ಮೊದಲ ಅಧ್ಯಾಯ ಬೇಡ. ಹೊಸ ಹೆಸರು, ಹೊಸ ಜಾಗಗಳಿಂದಾಗಿ ಅದು ಎಲ್ಲರಿಗೂ ನಿಧಾನವೇ. ಸಾಮಾನ್ಯ ಪೇಪರ್‌ಬ್ಯಾಕ್ ಪುಟದಲ್ಲಿ 350 ಪದ ಎಂದಿಟ್ಟುಕೊಂಡರೆ, ಹತ್ತು ನಿಮಿಷಕ್ಕೆ ನಾಲ್ಕು ಪುಟ ದಾಟಿದವರ ವೇಗ ನಿಮಿಷಕ್ಕೆ ಸುಮಾರು 140 ಪದ. ಇಂಗ್ಲಿಷನ್ನು ಪಠ್ಯಕ್ಕಾಗಿ ಮಾತ್ರ ಓದಿದವರಿಗೆ ಹತ್ತೊಂಬತ್ತನೇ ಶತಮಾನದ ಗದ್ಯದಲ್ಲಿ ಇದು ಒಳ್ಳೆಯ ವೇಗವೇ.

ನಿಮಿಷಕ್ಕೆ 150 ಪದ ಎಂದು ಲೆಕ್ಕ ಹಾಕಿದರೆ 'ಪರ್ಸ್ಯುಯೇಷನ್' ಒಂಬತ್ತೂವರೆ ಗಂಟೆಯ ಓದು. 'ವುದರಿಂಗ್ ಹೈಟ್ಸ್' ಹದಿಮೂರು ಗಂಟೆ. 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್', 'ಜೇನ್ ಏರ್' ಎರಡಕ್ಕೂ ಇಪ್ಪತ್ತು ಗಂಟೆಯ ಮೇಲೆ ಸ್ವಲ್ಪ ಬೇಕು. 'ಬ್ಲೀಕ್ ಹೌಸ್' ನಲವತ್ತರ ಹತ್ತಿರ ಹೋಗುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಆರು ದಿನ ಓದುವವರಿಗೆ ವಾರಕ್ಕೆ ಸಿಗುವುದು ನಾಲ್ಕೂವರೆ ಗಂಟೆ. ಹೊರಡಲು ಆರು ವಾರ ಇದ್ದರೆ 27 ಗಂಟೆ ಆಯಿತು. ಆದರೆ ಕೊನೆಯ ಒಂದು ವಾರ ಬ್ಯಾಂಕು, ಫಾರೆಕ್ಸ್, ಸೂಟ್‌ಕೇಸಿನ ತೂಕ ಎಂದು ಓಡಾಟದಲ್ಲೇ ಕಳೆಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

ಲಂಡನ್‌ಗೆ ಹೋಗುವವರಿಗೆ

ಐದು ವಾರ ಕೈಯಲ್ಲಿದ್ದರೆ ಎರಡು ಮಾತಿಲ್ಲದೆ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಓದಿ. ಇದು 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಹಾಗಾಗಿ ಅಧ್ಯಾಯಗಳು ಚಿಕ್ಕವು, ಸರಾಸರಿ ಇಪ್ಪತ್ತು ನಿಮಿಷಕ್ಕೊಂದು ಮುಗಿಯುತ್ತದೆ. ಒಟ್ಟು 59 ಅಧ್ಯಾಯ. ದಿನಕ್ಕೆ ಎರಡರಂತೆ ಓದಿದರೆ ಒಂದು ತಿಂಗಳು. ಒಂದೇ ಧ್ವನಿಯಲ್ಲಿ, ಪಿಪ್ ಎಂಬ ಹುಡುಗ ದೊಡ್ಡವನಾದ ಮೇಲೆ ಹೇಳುವ ಕಥೆಯಾದ್ದರಿಂದ ಡಿಕನ್ಸ್‌ನ ಉಳಿದ ದೊಡ್ಡ ಕಾದಂಬರಿಗಳಂತೆ ಇಲ್ಲಿ ಎಳೆ ಕೈತಪ್ಪುವುದಿಲ್ಲ. ಹಳ್ಳಿಯಿಂದ ಮಹಾನಗರಕ್ಕೆ ಹೋಗಿ, ಅಲ್ಲಿನ ಬಟ್ಟೆಬರೆ ಮಾತುಕತೆ ಕಲಿತು, ತನ್ನನ್ನು ಸಾಕಿದವರ ಬಗ್ಗೆಯೇ ನಾಚಿಕೊಳ್ಳತೊಡಗುವ ಹುಡುಗನ ಕಥೆ ಇದು. ಓದಲು ಪರದೇಶಕ್ಕೆ ಹೊರಟವರು ಓದಲೇಬೇಕಾದ ಕಥೆ ಎಂದರೆ ಉತ್ಪ್ರೇಕ್ಷೆಯಲ್ಲ.

ಓದು ಎಡವುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಶುರುವಿನಲ್ಲೇ ಬರುವ ಕೈದಿ ಮ್ಯಾಗ್ವಿಚ್ ಆಹಾರಕ್ಕೆ 'ವಿಟಲ್ಸ್' (victuals ಎಂಬುದಕ್ಕೆ wittles) ಎನ್ನುತ್ತಾನೆ. ಅಂದಿನ ಲಂಡನ್ನಿನ ಜನಸಾಮಾನ್ಯರ ಮಾತಿನಲ್ಲಿ 'ವಿ' ಮತ್ತು 'ಡಬ್ಲ್ಯು' ಅದಲು ಬದಲಾಗುತ್ತಿದ್ದವು, ಮುದ್ರಣದಲ್ಲೂ ಹಾಗೇ ಬರುತ್ತದೆ. ಕಮ್ಮಾರ ಜೋ ಆಡುವ ಮಾತಿನ ವ್ಯಾಕರಣವೂ ಬೇರೆಯೇ. ಡಿಕ್ಷನರಿ ತೆಗೆದರೆ ಈ ಪದಗಳು ಸಿಗುವುದಿಲ್ಲ, ಓದುಗ ಅಲ್ಲಿಗೇ ನಿಲ್ಲುತ್ತಾನೆ. ಅಂಥ ಸಾಲನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ಒಗ್ಗದ್ದು ಕಿವಿಗೆ ಒಗ್ಗುತ್ತದೆ. ಎರಡನೇ ತೊಡಕು ನಡುಭಾಗದ್ದು. ಪಿಪ್ ಲಂಡನ್ ತಲುಪುವ 20ನೇ ಅಧ್ಯಾಯದ ನಂತರ ಕಥೆ ಕೆಲಕಾಲ ಊಟ, ಸಾಲ, ಗೆಳೆತನಗಳಲ್ಲಿ ಸುತ್ತುತ್ತದೆ. 39ನೇ ಅಧ್ಯಾಯ ಮುಟ್ಟುವವರೆಗೆ ಬಿಡಬೇಡಿ. ಮುಟ್ಟಿದ ಮೇಲೆ ಬಿಡಲು ಆಗುವುದೂ ಇಲ್ಲ.

ನೋಡುವ ಜಾಗಗಳ ವಿಷಯದಲ್ಲಿ ಈ ಕಾದಂಬರಿಯಷ್ಟು ಉದಾರವಾದದ್ದು ಕಡಿಮೆ. ಸೇಂಟ್ ಪಾಲ್ಸ್ ಟ್ಯೂಬ್ ನಿಲ್ದಾಣದಲ್ಲಿ ಇಳಿದು ಲಿಟಲ್ ಬ್ರಿಟನ್ ಬೀದಿಗೆ ನಡೆಯಿರಿ, ವಕೀಲ ಜ್ಯಾಗರ್ಸ್‌ನ ಕಚೇರಿ ಇದ್ದದ್ದು ಅಲ್ಲಿ. ಪಕ್ಕದಲ್ಲೇ ಸ್ಮಿತ್‌ಫೀಲ್ಡ್ ಮಾರುಕಟ್ಟೆ. ಪಿಪ್ ಅಲ್ಲಿ ಕೊಳೆ, ಕೊಬ್ಬು, ರಕ್ತ ಮೆತ್ತಿಕೊಂಡು ಅಸಹ್ಯಪಡುತ್ತಾನೆ. ನೀವು ನೋಡುವ ಕಬ್ಬಿಣ, ಇಟ್ಟಿಗೆಯ ಕಟ್ಟಡ 1868ರದ್ದು. ಪಿಪ್ ನೋಡಿದ್ದು 1855ಕ್ಕೆ ಮುಚ್ಚಿದ ಜೀವಂತ ದನಗಳ ಸಂತೆ. ಅಲ್ಲಿಂದ ತಿರುಗಿದಾಗ ಅವನಿಗೆ ಕಂಡದ್ದು ನ್ಯೂಗೇಟ್ ಜೈಲು, ಅದರ ಹಿಂದೆ ಸೇಂಟ್ ಪಾಲ್ಸ್‌ನ ಕಪ್ಪು ಗುಮ್ಮಟ. ಜೈಲು ಹೋಗಿದೆ, ಆ ಜಾಗದಲ್ಲಿ ಓಲ್ಡ್ ಬೈಲಿ ನ್ಯಾಯಾಲಯವಿದೆ. ಗುಮ್ಮಟ ಇದೆ, ಮಸಿ ತೊಳೆದು ಬೆಳ್ಳಗಾಗಿದೆ. ಮುಂದೆ ಹೋಬರ್ನ್‌ನ ಬರ್ನಾರ್ಡ್ಸ್ ಇನ್ (ಪಿಪ್ ಮೊದಲು ತಂಗಿದ್ದು ಅಲ್ಲಿ), ಅಲ್ಲಿಂದ ಫ್ಲೀಟ್ ಸ್ಟ್ರೀಟ್ ದಾಟಿ ವಕೀಲರ ಆವರಣವಾದ ಟೆಂಪಲ್. ಪಿಪ್ ಟೆಂಪಲ್‌ನಲ್ಲಿ ಇದ್ದಾಗ ಥೇಮ್ಸ್ ನದಿ ಅವನ ಮನೆಯ ಹತ್ತಿರಕ್ಕೇ ಬರುತ್ತಿತ್ತು. ಈಗ ನದಿಗೂ ಟೆಂಪಲ್‌ಗೂ ನಡುವೆ ಇರುವ ಅಗಲ ರಸ್ತೆ, ದಂಡೆ ಎಲ್ಲ 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್. ಇದು ಗೊತ್ತಿಲ್ಲದಿದ್ದರೆ ಬಿರುಗಾಳಿಯ ರಾತ್ರಿಯ ದೃಶ್ಯ ಅರ್ಥವೇ ಆಗುವುದಿಲ್ಲ. ಈ ನಡಿಗೆಗೆ ಅರ್ಧ ದಿನ ಧಾರಾಳ. ವಾರದ ದಿನವೇ ಹೋಗಿ, ಶನಿವಾರ ಭಾನುವಾರ ಟೆಂಪಲ್‌ನ ಹಲವು ದ್ವಾರಗಳು ಮುಚ್ಚಿರುತ್ತವೆ.

ಇನ್ನೊಂದು ದಿನ ಇದ್ದರೆ ಸೇಂಟ್ ಪ್ಯಾಂಕ್ರಾಸ್‌ನಿಂದ ರೋಚೆಸ್ಟರ್‌ಗೆ ರೈಲು ಹಿಡಿಯಿರಿ, ವೇಗದ ರೈಲಿಗೆ ಮುಕ್ಕಾಲು ಗಂಟೆಯೂ ಬೇಡ. ಕಾದಂಬರಿಯ ಶ್ರೀಮಂತ ಒಂಟಿ ಹೆಂಗಸು ಮಿಸ್ ಹ್ಯಾವಿಶ್ಯಾಮ್‌ಳ ಮನೆಗೆ ಮಾದರಿಯಾದ ರೆಸ್ಟೊರೇಶನ್ ಹೌಸ್ ಅಲ್ಲಿದೆ. ಆಚೆ ಜೌಗು ನೆಲದ ಅಂಚಿನಲ್ಲಿ ಕೂಲಿಂಗ್ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಲ್ಲಿನ ಗೋರಿಗಳಿವೆ. ಪಿಪ್‌ನ ತೀರಿಹೋದ ಸೋದರರ ಗೋರಿಗಳೆಂದು ಕಾದಂಬರಿ ಹೇಳುವುದು ಐದು; ಅಲ್ಲಿರುವುದು ಹದಿಮೂರು. ಓದುಗರು ನಂಬಲಾರರೆಂದು ಡಿಕನ್ಸ್ ಸಂಖ್ಯೆ ಇಳಿಸಿರಬೇಕು ಅನ್ನಿಸುತ್ತದೆ. ಕೂಲಿಂಗ್‌ಗೆ ರೈಲಿಲ್ಲ, ರೋಚೆಸ್ಟರ್‌ನಿಂದ ವಾಹನವೇ ಬೇಕು. ಲಂಡನ್ನಿನ 48 ಡೌಟಿ ಸ್ಟ್ರೀಟ್‌ನ ಡಿಕನ್ಸ್ ಮ್ಯೂಸಿಯಂ ನೋಡತಕ್ಕದ್ದೇ. ಆದರೆ ಅದು 'ಆಲಿವರ್ ಟ್ವಿಸ್ಟ್' ಬರೆದ ಮನೆ, ಈ ಕಾದಂಬರಿಯದಲ್ಲ.

ಎರಡೇ ವಾರ ಉಳಿದಿದ್ದರೆ ಷರ್ಲಾಕ್ ಹೋಮ್ಸ್ ಸುಲಭವೆಂದು 'ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್' ಕೈಗೆತ್ತಿಕೊಳ್ಳುವವರಿದ್ದಾರೆ. ಓದಲು ಸೊಗಸಾಗಿದೆ, ಏಳು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಕಥೆಯ ಬಹುಪಾಲು ನಡೆಯುವುದು ಡೆವನ್‌ನ ಡಾರ್ಟ್‌ಮೂರ್ ಬಯಲಿನಲ್ಲಿ, ಲಂಡನ್ ಇರುವುದು ಶುರುವಿನ ಐದು ಅಧ್ಯಾಯಗಳಲ್ಲಿ. ಲಂಡನ್ ಬೇಕೆಂದರೆ 1892ರ ಕಥಾ ಸಂಕಲನ 'ದ ಅಡ್ವೆಂಚರ್ಸ್ ಆಫ್ ಷರ್ಲಾಕ್ ಹೋಮ್ಸ್' ಮೇಲು. ಕಾದಂಬರಿಯಲ್ಲ ನಿಜ, ಹನ್ನೆರಡು ಕಥೆ, ಒಂದೊಂದಕ್ಕೆ ಸುಮಾರು ಒಂದು ಗಂಟೆ. ಅದರಲ್ಲಿ 'ಬ್ಲೂ ಕಾರ್ಬಂಕಲ್' ಕಥೆಯ ಹೋಮ್ಸ್ ವಿಂಪೋಲ್ ಸ್ಟ್ರೀಟ್, ಹಾರ್ಲೆ ಸ್ಟ್ರೀಟ್, ವಿಗ್ಮೋರ್ ಸ್ಟ್ರೀಟ್ ದಾಟಿ ಬ್ಲೂಮ್ಸ್‌ಬರಿಗೆ, ಅಲ್ಲಿಂದ ಕೋವೆಂಟ್ ಗಾರ್ಡನ್‌ಗೆ ನಡೆಯುತ್ತಾನೆ. ಆ ದಾರಿ ಇಂದಿಗೂ ಹಾಗೇ ನಡೆಯಬಹುದು. ಬೇಕರ್ ಸ್ಟ್ರೀಟ್‌ನ ಮ್ಯೂಸಿಯಂ ಬಾಗಿಲಿನ '221ಬಿ' ಇರುವುದು 237 ಮತ್ತು 241ರ ನಡುವೆ, ಮನೆ ಸಂಖ್ಯೆ ಹುಡುಕಿಕೊಂಡು ಹೋಗಿ ದಾರಿ ತಪ್ಪಬೇಡಿ.

ಡಿಕನ್ಸ್‌ನದೇ 'ಬ್ಲೀಕ್ ಹೌಸ್' ಕಾನೂನು ವಿದ್ಯಾರ್ಥಿಗಳಿಗೆ ಮಾತ್ರ, ಅದೂ ಮೂರು ತಿಂಗಳಿದ್ದರೆ. ಉಳಿದವರು ವಕೀಲರ ಸಂಸ್ಥೆ ಲಿಂಕನ್ಸ್ ಇನ್ ನೋಡುವ ಹಿಂದಿನ ರಾತ್ರಿ ಅದರ ಮೊದಲ ಅಧ್ಯಾಯವನ್ನಾದರೂ ಓದಿ. ಮಂಜು, ಕೆಸರು, ಮುಗಿಯದ ಮೊಕದ್ದಮೆ, ಎಲ್ಲ ಕಾಲು ಗಂಟೆಯ ಓದಿನಲ್ಲಿವೆ. ವರ್ಜೀನಿಯಾ ವುಲ್ಫ್‌ಳ 'ಮಿಸೆಸ್ ಡಾಲೊವೇ' ವೆಸ್ಟ್‌ಮಿನ್ಸ್ಟರ್‌ನಿಂದ ಬಾಂಡ್ ಸ್ಟ್ರೀಟ್‌ವರೆಗಿನ ನಡಿಗೆಯಿಂದ ಶುರುವಾಗುತ್ತದೆ, ಪುಟವೂ ಕಡಿಮೆ. ಆದರೆ ಅಧ್ಯಾಯಗಳೇ ಇಲ್ಲ. ಒಂದು ವಾಕ್ಯದೊಳಗೇ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ದಾಟುತ್ತದೆ. ಮೊದಲ ಇಂಗ್ಲಿಷ್ ಕಾದಂಬರಿಯಾಗಿ ಬೇಡ.

ಬಾತ್: ಹೆಸರಾದದ್ದನ್ನು ಬಿಟ್ಟು ಹೊಂದುವುದನ್ನು ಆರಿಸಿ

ಆಸ್ಟಿನ್ ಎಂದೊಡನೆ ಎಲ್ಲರೂ ಓದುವುದು 'ಪ್ರೈಡ್ ಅಂಡ್ ಪ್ರೆಜುಡಿಸ್'. ಅದ್ಭುತ ಕಾದಂಬರಿ, ಆದರೆ ಬಾತ್ ನಗರದಲ್ಲಿ ಅದರ ಒಂದು ದೃಶ್ಯವೂ ನಡೆಯುವುದಿಲ್ಲ. ಲಾಂಗ್‌ಬರ್ನ್, ಮೆರಿಟನ್, ಪೆಂಬರ್ಲಿ ಎಲ್ಲ ಕಲ್ಪಿತ. ಬಾತ್‌ನದು 'ನಾರ್ಥ್ಯಾಂಗರ್ ಅಬಿ' ಮತ್ತು 'ಪರ್ಸ್ಯುಯೇಷನ್'. ಎರಡೂ ಆಕೆ 1817ರ ಜುಲೈಯಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷದ ಕೊನೆಗೆ ಒಟ್ಟಿಗೆ ಅಚ್ಚಾದವು.

'ನಾರ್ಥ್ಯಾಂಗರ್ ಅಬಿ' ಹದಿನೇಳರ ಹುಡುಗಿ ಮೊದಲ ಬಾರಿ ದೊಡ್ಡ ಊರು ಕಂಡ ಕಥೆ, ಲಘುವಾಗಿದೆ. ಆದರೆ ಅದರ ಎರಡನೇ ಅರ್ಧ ಅಂದಿನ ಭಯಾನಕ ಕಾದಂಬರಿಗಳನ್ನು ಅಣಕಿಸುತ್ತದೆ. ಮೂಲ ಗೊತ್ತಿಲ್ಲದವರಿಗೆ ಅಣಕ ತಟ್ಟುವುದಿಲ್ಲ. ನಮ್ಮ ಆಯ್ಕೆ 'ಪರ್ಸ್ಯುಯೇಷನ್'. ಇಪ್ಪತ್ತೇಳರ ಆ್ಯನ್ ಎಲಿಯಟ್ ಎಂಟು ವರ್ಷದ ಹಿಂದೆ, ಹಿರಿಯರ ಮಾತು ಕೇಳಿ, ಮೆಚ್ಚಿದವನನ್ನು ಬಿಟ್ಟುಕೊಟ್ಟವಳು. ಅವನು ಈಗ ನೌಕಾಪಡೆಯಲ್ಲಿ ದುಡ್ಡು ಮಾಡಿ ಮರಳಿದ್ದಾನೆ. ಮನೆಯವರ ಒತ್ತಾಯ, ಅಂತಸ್ತಿನ ಲೆಕ್ಕ, ಮದುವೆಯ ವಯಸ್ಸು ಮೀರಿತೆನ್ನುವ ಮಾತು, ಇದ್ಯಾವುದನ್ನೂ ಕನ್ನಡದ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ.

ಈ ಕಾದಂಬರಿಯಲ್ಲಿ ವಿಳಾಸವೇ ಅಂತಸ್ತು. ಆ್ಯನ್‌ಳ ಅಪ್ಪ ಸರ್ ವಾಲ್ಟರ್ ಬಾಡಿಗೆ ಹಿಡಿಯುವುದು ಎತ್ತರದ ಕ್ಯಾಮ್ಡನ್ ಪ್ಲೇಸ್‌ನಲ್ಲಿ, ಈಗಿನ ಹೆಸರು ಕ್ಯಾಮ್ಡನ್ ಕ್ರೆಸೆಂಟ್. ಮಗಳು ತನ್ನ ಬಡ ಗೆಳತಿಯನ್ನು ನೋಡಲು ವೆಸ್ಟ್‌ಗೇಟ್ ಬಿಲ್ಡಿಂಗ್ಸ್‌ಗೆ ಹೋಗುತ್ತಾಳೆಂದರೆ ಅವನಿಗೆ ಅವಮಾನ. ಆ ಬೀದಿ ಇರುವುದು ಕೆಳಗೆ, ತಗ್ಗಿನಲ್ಲಿ. ವೆಸ್ಟ್‌ಗೇಟ್ ಬಿಲ್ಡಿಂಗ್ಸ್‌ನಿಂದ ಮಿಲ್ಸಮ್ ಸ್ಟ್ರೀಟ್ ಹಿಡಿದು ಕ್ಯಾಮ್ಡನ್ ಕ್ರೆಸೆಂಟ್‌ಗೆ ಏರಿ ನೋಡಿ, ಇಪ್ಪತ್ತು ನಿಮಿಷದ ಏರು. ಕೊನೆಯ ತಿರುವಿನಲ್ಲಿ ಉಸಿರು ಕಟ್ಟಿದಾಗ ಆ ಸಮಾಜದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಕಾಲಿಗೇ ತಿಳಿಯುತ್ತದೆ. ಬುಗ್ಗೆಯ ನೀರು ಕುಡಿಯಲು ಜನ ಸೇರುತ್ತಿದ್ದ ಪಂಪ್ ರೂಮ್ ಇಂದಿಗೂ ಇದೆ. ಕೊನೆಯ ಮಾತುಕತೆ ನಡೆಯುವ ಗ್ರಾವೆಲ್ ವಾಕ್ ರಾಯಲ್ ಕ್ರೆಸೆಂಟ್‌ನ ಪಕ್ಕದಲ್ಲೇ ಇದೆ. ಪ್ಯಾಡಿಂಗ್ಟನ್‌ನಿಂದ ಬಾತ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು.

ಇದರಲ್ಲಿ ಕಷ್ಟ ಮೊದಲ ಮೂರು ಅಧ್ಯಾಯ: ವಂಶಾವಳಿ, ಸಾಲ, ಮನೆ ಬಾಡಿಗೆಯ ಮಾತು. ಜೊತೆಗೆ ಆಸ್ಟಿನ್‌ಳ ವಾಕ್ಯ ನಿರೂಪಕಿಯದೋ ಪಾತ್ರದ ಮನಸ್ಸಿನದೋ ಎಂದು ಗೊತ್ತಾಗದಂತೆ ಜಾರುತ್ತದೆ. ಮೆಚ್ಚುಗೆಯಂತೆ ಕಾಣುವ ವಾಕ್ಯ ಸಿಕ್ಕಾಗಲೆಲ್ಲ ಇದು ಯಾರ ಅಭಿಪ್ರಾಯ ಎಂದು ಒಮ್ಮೆ ಕೇಳಿಕೊಳ್ಳಿ.

ಯಾರ್ಕ್‌ಷೈರ್: ಅಕ್ಕನೋ ತಂಗಿಯೋ

ಲೀಡ್ಸ್, ಬ್ರ್ಯಾಡ್‌ಫರ್ಡ್, ಯಾರ್ಕ್ ಕಡೆ ಹೋಗುವವರಿಗೆ ಬ್ರಾಂಟೆ ಸೋದರಿಯರ ಊರಾದ ಹಾವರ್ತ್ ಒಂದು ದಿನದಲ್ಲಿ ಹೋಗಿಬರುವಷ್ಟು ದೂರ. ಲೀಡ್ಸ್‌ನಿಂದ ಕೀಥ್ಲಿಗೆ ರೈಲು, ಅಲ್ಲಿಂದ ಬಸ್ಸು. ಷಾರ್ಲೆಟ್‌ಳ 'ಜೇನ್ ಏರ್', ಎಮಿಲಿಯ 'ವುದರಿಂಗ್ ಹೈಟ್ಸ್' ಎರಡೂ ಬಂದದ್ದು 1847ರ ಕೊನೆಯ ತಿಂಗಳುಗಳಲ್ಲಿ. ಓದಿಸಿಕೊಂಡು ಹೋಗುವುದು 'ಜೇನ್ ಏರ್': ಅನಾಥ ಹುಡುಗಿಯೊಬ್ಬಳು ನೇರವಾಗಿ ನಮ್ಮೊಡನೆ ಮಾತಾಡುತ್ತಾಳೆ, ಕಾಲ ಹಿಂದೆ ಮುಂದೆ ಜಿಗಿಯುವುದಿಲ್ಲ. ಉದ್ದವಾದರೂ ಸುಲಭ. ಆದರೆ ಹಾವರ್ತ್‌ನ ಆಚೆಯ ಗಾಳಿ ಬೀಸುವ ಬಯಲಿಗೆ ಅಂಟಿಕೊಂಡಿರುವುದು 'ವುದರಿಂಗ್ ಹೈಟ್ಸ್'. ಬಯಲಿನಲ್ಲಿ ನಡೆಯುವ ಯೋಚನೆ ಇದ್ದರೆ ಅದನ್ನೇ ಓದಿ. ಇಲ್ಲದಿದ್ದರೆ 'ಜೇನ್ ಏರ್'.

'ವುದರಿಂಗ್ ಹೈಟ್ಸ್' ಅರ್ಧಕ್ಕೆ ಬಿಡುವವರು ಬಿಡುವುದು ಹೆಸರುಗಳ ಗೊಂದಲಕ್ಕೆ. ತಾಯಿಯೂ ಕ್ಯಾಥರೀನ್, ಮಗಳೂ ಕ್ಯಾಥರೀನ್. ಲಿಂಟನ್ ಎಂಬುದು ಒಂದು ಮನೆತನದ ಹೆಸರು, ಒಬ್ಬ ಹುಡುಗನ ಹೆಸರೂ ಹೌದು. ಕಥೆ ಹೇಳುವವಳು ಮನೆಗೆಲಸದ ನೆಲ್ಲಿ, ಅದನ್ನು ಬರೆದುಕೊಳ್ಳುವವನು ಬಾಡಿಗೆದಾರ ಲಾಕ್‌ವುಡ್. ಇವನು ಬರುವುದು ಕಥೆ ಬಹುಪಾಲು ಮುಗಿದ ಮೇಲೆ. ಪುಸ್ತಕದ ಒಳರಕ್ಷಾಪುಟದಲ್ಲಿ ಎರಡು ಮನೆ, ಎರಡು ತಲೆಮಾರಿನ ವಂಶವೃಕ್ಷ ಬರೆದಿಟ್ಟುಕೊಂಡರೆ ಈ ಕಷ್ಟ ತೀರುತ್ತದೆ. ಆಳು ಜೋಸೆಫ್‌ನ ಯಾರ್ಕ್‌ಷೈರ್ ಆಡುಮಾತು ಇಂಗ್ಲಿಷರಿಗೂ ಕಷ್ಟ. ಟಿಪ್ಪಣಿ ಇರುವ ಆವೃತ್ತಿ ಇದೊಂದಕ್ಕೆ ಕಡ್ಡಾಯ. ಕಾದಂಬರಿಯ ಮನೆಗೆ ಮಾದರಿಯೆಂದು ಜನ ಹೇಳುವ ಟಾಪ್ ವಿದೆನ್ಸ್ ಎಂಬ ಪಾಳುಮನೆಗೆ ಹಾವರ್ತ್‌ನಿಂದ ಹೋಗಿಬರಲು ಅರ್ಧ ದಿನ ಹಿಡಿಯುತ್ತದೆ, ಮಳೆಯಾದರೆ ದಾರಿಯೆಲ್ಲ ಕೆಸರು. ಆ ಕಟ್ಟಡಕ್ಕೂ ಕಾದಂಬರಿಯ ಮನೆಗೂ ಹೋಲಿಕೆಯಿಲ್ಲವೆಂದು ಅಲ್ಲಿನ ಫಲಕವೇ ಹೇಳುತ್ತದೆ. ನೋಡಬೇಕಾದ್ದು ಸುತ್ತಲಿನ ಬಯಲು. ನೇರಳೆ ಹೀದರ್ ಹೂವು ಆಗಸ್ಟ್‌ನಲ್ಲಿ.

ಮಿಕ್ಕ ಊರುಗಳು

ಮ್ಯಾಂಚೆಸ್ಟರ್‌ಗೆ ಹೋಗುವವರು ಎಲಿಜಬೆತ್ ಗ್ಯಾಸ್ಕೆಲ್‌ಳ 'ನಾರ್ಥ್ ಅಂಡ್ ಸೌತ್' ಓದಿ. ಅದರ ಮಿಲ್ಟನ್ ಎಂಬ ಊರು ಮ್ಯಾಂಚೆಸ್ಟರೇ. ಹತ್ತಿಗಿರಣಿ, ಮುಷ್ಕರ, ಮಾಲೀಕ ಮತ್ತು ಕಾರ್ಮಿಕರ ಜಗಳ ಎಲ್ಲ ಇದೆ. ಕೆಲವೇ ವರ್ಷದ ನಂತರ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತಾಗ ಇದೇ ಗಿರಣಿಗಳು ಧಾರವಾಡ ಸೀಮೆಯ ಹತ್ತಿಯ ಕಡೆಗೂ ನೋಡಿದವು. ಲೇಖಕಿಯ ಮನೆ ಪ್ಲಿಮತ್ ಗ್ರೋವ್‌ನಲ್ಲಿ, ವಿಶ್ವವಿದ್ಯಾಲಯದ ಹತ್ತಿರವೇ ಇದೆ. ಆಕ್ಸ್‌ಫರ್ಡ್‌ಗೆ ಹಾರ್ಡಿಯ 'ಜ್ಯೂಡ್ ದ ಅಬ್ಸ್‌ಕ್ಯೂರ್', ವಿದ್ಯೆಗಾಗಿ ಹಂಬಲಿಸಿ ಬಾಗಿಲಲ್ಲೇ ಉಳಿದ ಕಲ್ಲುಕುಟಿಗನ ಕಥೆ. ತುಂಬ ದುಃಖದ್ದು, ಹೊರಡುವ ವಾರದಲ್ಲಿ ಓದಬೇಡಿ. ಹಾರ್ಡಿ ಊರುಗಳ ಹೆಸರು ಬದಲಿಸುತ್ತಾನೆ: ಕ್ರೈಸ್ಟ್‌ಮಿನ್ಸ್ಟರ್ ಎಂದರೆ ಆಕ್ಸ್‌ಫರ್ಡ್, ಕ್ಯಾಸ್ಟರ್‌ಬ್ರಿಜ್ ಎಂದರೆ ಡಾರ್ಚೆಸ್ಟರ್, ಮೆಲ್ಚೆಸ್ಟರ್ ಎಂದರೆ ಸಾಲ್ಸ್‌ಬರಿ. ಎಡಿನ್‌ಬರೊದಲ್ಲಿ ಹುಟ್ಟಿದ ಸ್ಟೀವನ್ಸನ್‌ನ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಮೂರು ಗಂಟೆಯ ಓದು. ಕಥೆ ನಡೆಯುವುದು ಮಾತ್ರ ಲಂಡನ್ನಿನಲ್ಲಿ.

ಶ್ರೀರಂಗಪಟ್ಟಣದಿಂದ ಶುರುವಾಗುವ ಕಾದಂಬರಿ

ಕರ್ನಾಟಕದಿಂದ ಹೋಗುವವರಿಗೆ ನಾವು ಬಲವಾಗಿ ಹೇಳುವ ಇನ್ನೊಂದು ಹೆಸರು ವಿಲ್ಕಿ ಕಾಲಿನ್ಸ್‌ನ 'ದ ಮೂನ್‌ಸ್ಟೋನ್'. 1868ರದ್ದು. ಇದರ ಮೊದಲ ಪುಟಗಳು 1799ರ ಮೇ 4ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ತೆರೆದುಕೊಳ್ಳುತ್ತವೆ. ಟಿಪ್ಪುವಿನ ಕೋಟೆ ಲೂಟಿಯಾಗುವಾಗ ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ವಜ್ರವೊಂದನ್ನು ಹೊಡೆದುಕೊಳ್ಳುತ್ತಾನೆ. ಅದು ಮುಂದೆ ಯಾರ್ಕ್‌ಷೈರ್‌ನ ಮನೆಯೊಂದರಲ್ಲಿ ಹುಡುಗಿಯ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಕಳವಾಗುತ್ತದೆ. ಹಲವರು ತಮ್ಮ ತಮ್ಮ ಪಾಲಿನ ಸಾಕ್ಷ್ಯ ಬರೆಯುತ್ತಾ ಹೋಗುತ್ತಾರೆ. ಪತ್ತೇದಾರಿ ಕಥೆಯಾದ್ದರಿಂದ ಉದ್ದ ತಿಳಿಯುವುದಿಲ್ಲ, ಇಪ್ಪತ್ತೆರಡು ಗಂಟೆ ಸರಾಗವಾಗಿ ಸಾಗುತ್ತದೆ. ವಜ್ರ ಹುಡುಕಿ ಬರುವ ಮೂವರು ಬ್ರಾಹ್ಮಣರ ಚಿತ್ರಣದಲ್ಲಿ ಆ ಕಾಲದ ಇಂಗ್ಲಿಷರ ಅಂಜಿಕೆ, ಅಜ್ಞಾನ ಎರಡೂ ಇವೆ. ಆದರೂ ಮೊದಲ ಕಳ್ಳ ಯಾರೆಂಬುದನ್ನು ಕಾದಂಬರಿ ಎಂದೂ ಮರೆಮಾಚುವುದಿಲ್ಲ, 1857ರ ನಂತರದ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ.

ಇದನ್ನು ಆರಿಸಿದವರು ಹೊರಡುವ ಮುನ್ನ ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ, ಕೋಟೆ ಒಡೆದ ಜಾಗ, ಟಿಪ್ಪುವಿನ ದೇಹ ಸಿಕ್ಕ ಜಾಗ ಎರಡನ್ನೂ ನೋಡಿ. ಲಂಡನ್ನಿನಲ್ಲಿ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ, ಪ್ರವೇಶ ಉಚಿತ. ಅದೇ ಲೂಟಿಯಲ್ಲಿ ಹೋದ, ಯೂರೋಪಿನ ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ ಅಲ್ಲಿದೆ.

ಪ್ರತಿ ಕೊಳ್ಳುವಾಗ

ಪುಸ್ತಕಮೇಳದ ಅಗ್ಗದ ಪ್ರತಿಗಳಲ್ಲಿ ಸಂಕ್ಷಿಪ್ತ ಆವೃತ್ತಿಗಳು ಸೇರಿಕೊಂಡಿರುತ್ತವೆ. ರಕ್ಷಾಪುಟದಲ್ಲಿ 'ಅಬ್ರಿಜ್ಡ್', 'ರೀಟೋಲ್ಡ್' ಎಂದಿದೆಯೇ ನೋಡಿ, ಆಮೇಲೆ ಅಧ್ಯಾಯ ಎಣಿಸಿ. 'ಪರ್ಸ್ಯುಯೇಷನ್' 24, 'ವುದರಿಂಗ್ ಹೈಟ್ಸ್' 34, 'ಜೇನ್ ಏರ್' 38 ಇರಬೇಕು. ಒಂದು ಎಚ್ಚರಿಕೆ: ಕೆಲವು ಒಳ್ಳೆಯ ಆವೃತ್ತಿಗಳು ಮೂಲದಂತೆ ಸಂಪುಟ ಸಂಪುಟಕ್ಕೆ ಹೊಸದಾಗಿ ಅಂಕಿ ಹಾಕುತ್ತವೆ. 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ನ ಕೊನೆಯ ಅಧ್ಯಾಯಕ್ಕೆ 20 ಎಂದಿದ್ದರೆ ಕತ್ತರಿಸಿದ್ದಾರೆಂದು ತಿಳಿಯಬೇಡಿ. 19, 20, 20 ಕೂಡಿಸಿದರೆ 59.

ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಈ ಎಲ್ಲ ಕಾದಂಬರಿಗಳೂ ಉಚಿತ. ಆದರೆ ಅಲ್ಲಿ ಟಿಪ್ಪಣಿ ಇರುವುದಿಲ್ಲ. ಪೆಂಗ್ವಿನ್ ಕ್ಲಾಸಿಕ್ಸ್, ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಎರಡರಲ್ಲೂ ಇದೆ. ಇವುಗಳ ಮುನ್ನುಡಿಯನ್ನು ಕಾದಂಬರಿ ಮುಗಿಸಿದ ಮೇಲೆ ಓದಿ, ಕಥೆಯ ಕೊನೆಯನ್ನು ಅದು ಮೊದಲೇ ಬಿಟ್ಟುಕೊಡುತ್ತದೆ. 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ಗೆ ಎರಡು ಕೊನೆಗಳಿವೆ. ಗೆಳೆಯ ಬುಲ್ವರ್ ಲಿಟ್ಟನ್‌ನ ಸಲಹೆಯಂತೆ ಡಿಕನ್ಸ್ ಅಚ್ಚಿಗೆ ಮುನ್ನ ಮೊದಲಿನದನ್ನು ಬದಲಿಸಿದ. ಆ ಮೊದಲ ಕೊನೆಯನ್ನು ಅನುಬಂಧದಲ್ಲಿ ಕೊಟ್ಟಿರುವ ಪ್ರತಿಯನ್ನೇ ಕೊಳ್ಳಿ.

ಎಲ್ಲ ಕಾದಂಬರಿಗಳಿಗೂ ಬೇಕಾಗುವ ಒಂದು ಲೆಕ್ಕವನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಿ: 12 ಪೆನ್ಸ್‌ಗೆ ಒಂದು ಷಿಲ್ಲಿಂಗ್, 20 ಷಿಲ್ಲಿಂಗ್‌ಗೆ ಒಂದು ಪೌಂಡ್, 21 ಷಿಲ್ಲಿಂಗ್‌ಗೆ ಒಂದು ಗಿನಿ. 1971ರ ಫೆಬ್ರವರಿಯವರೆಗೂ ಬ್ರಿಟನ್ನಿನ ಪೌಂಡ್, ಷಿಲ್ಲಿಂಗ್, ಪೆನ್ಸ್ ಲೆಕ್ಕ ಹೀಗೇ ನಡೆಯಿತು. ಓದುವಾಗ ಬೀದಿಯ ಹೆಸರು ಬಂದಲ್ಲೆಲ್ಲ ಪುಟದಂಚಿಗೆ ಪೆನ್ಸಿಲ್ ಗೆರೆ ಎಳೆದು, ಆ ಜಾಗವನ್ನು ಫೋನಿನ ಮ್ಯಾಪ್‌ನಲ್ಲಿ ಉಳಿಸಿಕೊಳ್ಳಿ. ಓದು ಮುಗಿಯುವ ಹೊತ್ತಿಗೆ ನಡಿಗೆಯ ದಾರಿ ತಾನಾಗಿ ಸಿದ್ಧವಾಗಿರುತ್ತದೆ. ಆ ಪ್ರದೇಶದ ಮ್ಯಾಪನ್ನು ಹೊರಡುವ ಮುನ್ನವೇ ಆಫ್‌ಲೈನ್‌ಗೆ ಇಳಿಸಿಕೊಳ್ಳಿ, ಹಾವರ್ತ್‌ನ ಬಯಲಿನಲ್ಲಿ ಸಿಗ್ನಲ್ ನಂಬುವಂತಿಲ್ಲ.